ಹೆಸರು ಹಿಡಿದು ಕರೆಯುವವರು

ಬೆಂಗಳೂರಿನ ನಮ್ಮ ಶಾಲೆಯಲ್ಲಿ ಹಾಜರಿ ಕೂಗುವಾಗ ‘ತಿಪ್ಪೇಸ್ವಾಮಿ’ ಎಂದರೆ ಸಾಕು, ಇಡೀ ತರಗತಿ ಕಿಸಕ್ಕನೆ ನಗುತ್ತಿತ್ತು. ಚಳ್ಳಕೆರೆಯಿಂದ ಬಂದಿದ್ದ ಆ ಹುಡುಗನಿಗೆ ನಗು ಯಾಕೆಂದೇ ತಿಳಿಯುತ್ತಿರಲಿಲ್ಲ. ಅವನ ಸೀಮೆಯಲ್ಲಿ ಅದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರು. ಜಾತ್ರೆಯಲ್ಲಿ ಒಬ್ಬನನ್ನು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ.

ತಿಪ್ಪ, ಕಲ್ಲ, ಗುಂಡ, ಹುಚ್ಚ. ಹುಟ್ಟಿದ ಕೂಸುಗಳು ಉಳಿಯದ ಮನೆಗಳಲ್ಲಿ ಮುಂದಿನ ಕೂಸಿಗೆ ಇಂಥ ಹೆಸರಿಡುತ್ತಿದ್ದರು. ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಳ್ಳುವುದೂ ಇತ್ತು. ಕಸವೆಂದುಕೊಂಡು ಜವರಾಯ ಮುಂದಕ್ಕೆ ಹೋಗಲಿ ಅಂತ. ಸಾವಿಗೇ ಸುಳ್ಳು ಹೇಳುವ ಆ ತಾಯಂದಿರ ಧೈರ್ಯ ನನಗೆ ದೊಡ್ಡದಾಗಿ ಕಾಣುತ್ತದೆ.

ಇಟ್ಟ ಹೆಸರು ಇಟ್ಟಂತೆ ಉಳಿಯುವುದೂ ಇಲ್ಲ. ಧಾರವಾಡದ ಕಡೆ ಕಲ್ಲಪ್ಪ ‘ಕಲ್ಯಾ’, ಬಸಪ್ಪ ‘ಬಸ್ಯಾ’. ಮಂಡ್ಯದ ಹಳ್ಳಿಗಳಲ್ಲಿ ಹನುಮಂತ ‘ಅನ್ಮಂತ’. ಲಕ್ಷ್ಮಿ ಒಂದೆಡೆ ಲಕ್ಕವ್ವ, ಇನ್ನೊಂದೆಡೆ ಲಚ್ಚಮ್ಮ. ‘ಬಸ್ಯಾ’ ಅಂತ ಅವ್ವ ಕರೆದರೆ ಮುದ್ದು. ಹೊಲದ ಧಣಿ ನರೆತ ತಲೆಯ ಆಳನ್ನು ಹಾಗೆ ಕರೆದರೆ, ಹೆಸರಿನ ಕೊನೆಯ ‘ಅಪ್ಪ’ನನ್ನು ಕಿತ್ತುಕೊಂಡಂತೆ.

ಸಾಕಮ್ಮ ಎಂಬ ಹೆಸರಿಗೆ ಬಂದಾಗ ನನ್ನ ಮೆಚ್ಚುಗೆ ತಡವರಿಸುತ್ತದೆ. ಸಾಲಾಗಿ ಹೆಣ್ಣು ಹುಟ್ಟಿದ ಮನೆಯಲ್ಲಿ ‘ಇನ್ನು ಸಾಕು’ ಎಂದು ದೇವರಿಗೆ ಕಳಿಸಿದ ಅರ್ಜಿಯನ್ನು ಆ ಮಗು ಜೀವನವಿಡೀ ಹೊತ್ತು ತಿರುಗಬೇಕು. (ಎಲ್ಲ ಸಾಕಮ್ಮಂದಿರ ಕಥೆಯೂ ಇದೇ ಅಲ್ಲ, ನಿಜ. ಬಸವನಗುಡಿಯಲ್ಲಿ ಒಬ್ಬ ಸಾಕಮ್ಮ ಅದೇ ಹೆಸರಿನಲ್ಲಿ ಕಾಫಿಪುಡಿ ಕಾರ್ಖಾನೆ ನಡೆಸಿ ಊರಿಗೆಲ್ಲ ಬೇಕಾದವರಾದರು.) ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಇಂಥ ಹೆಣ್ಣುಮಕ್ಕಳ ಹೆಸರು ‘ನಕುಶಾ’, ಅಂದರೆ ಬೇಡವಾದವಳು. 2011ರ ಅಕ್ಟೋಬರಿನಲ್ಲಿ ಅಲ್ಲಿ 285 ಹುಡುಗಿಯರಿಗೆ ಒಂದೇ ಸಮಾರಂಭದಲ್ಲಿ ಹೊಸ ಹೆಸರಿಟ್ಟರು. ದಾಖಲೆಯಲ್ಲಿ ಹೆಸರು ತಿದ್ದಬಹುದು. ಮನೆಯವರ ನಾಲಿಗೆ ತಿರುಗಲು ಎಷ್ಟು ದಿನ ಹಿಡಿದಿರಬಹುದು?

ಆ ಸುದ್ದಿ ಓದಿದ ದಿನ, ಮದ್ದೂರಿನ ಹತ್ತಿರದ ಹಳ್ಳಿಯಲ್ಲಿದ್ದ ನಮ್ಮ ದೊಡ್ಡಮ್ಮನನ್ನು ಕೇಳಿದ್ದೆ. ಅವಳೂ ಸಾಕಮ್ಮ, ನಾಲ್ಕನೆಯ ಹೆಣ್ಣು. ‘ನಿನಗೂ ಬೇರೆ ಹೆಸರಿಡೋಣವಾ ದೊಡ್ಡಮ್ಮ?’

ಅವರೆಕಾಯಿ ಸುಲಿಯುತ್ತಿದ್ದವಳು ತಲೆಯೆತ್ತಲಿಲ್ಲ. ‘ಈಗ್ಯಾಕ್ಲಾ ಮಗ? ಎಸ್ರಿಡ್ದು ಕರೆಯೋರೆಲ್ಲಾ ಓದ್ರು.’