ಜಾಜಲಿಯ ಜಟೆ, ತುಲಾಧಾರನ ತಕ್ಕಡಿ

ಬೆಂಗಳೂರಿನ ಕಂಪನಿಯಲ್ಲಿ ಒಳ್ಳೆಯ ಸಂಬಳದ ಕೆಲಸದಲ್ಲಿದ್ದವರು ರಾಜೀನಾಮೆಯಿತ್ತು, ಹೆಂಡತಿಮಕ್ಕಳೊಡನೆ ಹುಟ್ಟಿದೂರಿಗೆ ಹಿಂದಿರುಗಿ, ಅಲ್ಲಿ ಎಣ್ಣೆಯ ಗಾಣವನ್ನೋ ಬೆಲ್ಲದ ಆಲೆಮನೆಯನ್ನೋ ಹಪ್ಪಳ ಉಪ್ಪಿನಕಾಯಿಗಳ ವ್ಯಾಪಾರವನ್ನೋ ಹೂಡುವುದು ಈಗ ಅಪೂರ್ವ ಸಂಗತಿಯಾಗಿ ಉಳಿದಿಲ್ಲ. 2020ರ ಸಾಂಕ್ರಾಮಿಕದ ಕಾಲದಲ್ಲಿ ಕಂಪನಿಯ ಕೆಲಸವೇ ಹಳ್ಳಿಮನೆಯ ಜಗಲಿಗೆ ಬಂದು ಕುಳಿತಿತು. ಹಾಗೆ ಊರು ಸೇರಿದವರಲ್ಲಿ ಕೆಲವರು ಕಂಪನಿ ಮತ್ತೆ ಕರೆದಾಗ ಹೋಗಲೊಲ್ಲದೆ ಅಲ್ಲಿಯೇ ನಿಂತುಬಿಟ್ಟರು. ಇಂಥವರ ವಿಷಯದಲ್ಲಿ ಊರು ಎರಡು ಮಾತನ್ನಾಡುತ್ತದೆ. ತಲೆ ಕೆಟ್ಟಿದೆ ಎಂಬುದು ಒಂದು. ಲಕ್ಷಗಟ್ಟಲೆ ಸಂಬಳವನ್ನು ಬಿಟ್ಟು ಬಂದ ಮಹಾತ್ಯಾಗಿ ಎಂಬುದು ಇನ್ನೊಂದು. ಮೊದಲನೆಯದನ್ನು ಇತ್ಯರ್ಥಪಡಿಸಲು ಅಂಗಡಿಯ ಲೆಕ್ಕದ ಪುಸ್ತಕವೇ ಸಾಕು. ಎರಡನೆಯದು ಧರ್ಮಜಿಜ್ಞಾಸೆಗೆ ಸೇರಿದ್ದು. ಮೇಲಾಗಿ, ಹಿಂದಿರುಗಿ ಬಂದವನೇ ಅದನ್ನು ನಂಬತೊಡಗುವ ಅಪಾಯವಿರುವುದರಿಂದ, ಸ್ವಲ್ಪ ನಿಧಾನವಾಗಿ ವಿಚಾರಿಸಬೇಕಾದದ್ದು.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ತ್ಯಾಗವನ್ನು ಮೂರಾಗಿ ವಿಂಗಡಿಸುತ್ತದೆ. ಮೋಹದಿಂದ ಕರ್ತವ್ಯವನ್ನು ಕೈಬಿಡುವುದು ತಾಮಸ. ದುಃಖಕರವೆಂದು, ಶರೀರಕ್ಕೆ ಕ್ಲೇಶವೆಂದು ಹೆದರಿ ಬಿಡುವುದು ರಾಜಸ. ಮಾಡಬೇಕಾದುದನ್ನು ಮಾಡುತ್ತಲೇ ಅದರ ಸಂಗವನ್ನೂ ಫಲವನ್ನೂ ಬಿಡುವುದು ಸಾತ್ತ್ವಿಕ. ರಾಜಸತ್ಯಾಗವನ್ನು ಮಾಡಿದವನಿಗೆ ತ್ಯಾಗದ ಫಲ ದೊರೆಯದೆಂದೂ ಅಲ್ಲಿಯೇ ಹೇಳಿದೆ. ಹೊರವರ್ತುಲ ರಸ್ತೆಯ ವಾಹನಗಳ ದಟ್ಟಣೆ, ನಡುರಾತ್ರಿಯ ಮೀಟಿಂಗು, ಮೇಲಧಿಕಾರಿಯ ಮುಖ ಇವುಗಳಿಂದ ಬೇಸತ್ತು ಊರಿಗೆ ಬಂದವನನ್ನು ಈ ವಿಂಗಡಣೆಯ ಮುಂದೆ ನಿಲ್ಲಿಸಿದರೆ ಅವನು ಯಾವ ಸಾಲಿಗೆ ಸೇರುತ್ತಾನೆಂಬುದನ್ನು ಹೇಳಬೇಕಾಗಿಲ್ಲ. ಬೇಸತ್ತು ಬಂದುದು ತಪ್ಪೆಂಬುದು ನನ್ನ ಮಾತಿನ ಅಭಿಪ್ರಾಯವಲ್ಲ. ಆಯಾಸವಾದವನು ಜಾಗ ಬದಲಿಸಲಿ. ಆದರೆ ಆಯಾಸಪರಿಹಾರಕ್ಕೆ ತಪಸ್ಸಿನ ಹೆಸರನ್ನು ಇಡಬಾರದು.

ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮರು ಯುಧಿಷ್ಠಿರನಿಗೆ ಹೇಳುವ ಜಾಜಲಿಯ ಕಥೆ ಈ ಪ್ರಸಂಗಕ್ಕೆ ಬಹಳ ಸಮೀಪವಾದದ್ದು. ಜಾಜಲಿ ಬ್ರಾಹ್ಮಣ, ಘೋರತಪಸ್ವಿ. ಕಾಡಿನಲ್ಲಿ ಕಂಬದಂತೆ ಅಲುಗಾಡದೆ ನಿಂತ ಅವನ ಜಟೆಯಲ್ಲಿ ಹಕ್ಕಿಯ ಜೋಡಿಯೊಂದು ಗೂಡು ಕಟ್ಟಿತು, ಮೊಟ್ಟೆಯಿಟ್ಟಿತು, ಮರಿಗಳು ಬಲಿತು, ಹಗಲು ಹಾರಿಹೋಗಿ ಸಂಜೆ ಮರಳಿ, ಕಡೆಗೊಮ್ಮೆ ಮರಳಿ ಬಾರದೆ ಹೋದುವು. ಅಷ್ಟು ಕಾಲವೂ ಕದಲದಿದ್ದ ತನ್ನ ಸ್ಥೈರ್ಯಕ್ಕೆ ತಾನೇ ಬೆರಗಾಗಿ ಜಾಜಲಿ, ಧರ್ಮವನ್ನು ನಾನು ಪಡೆದುಬಿಟ್ಟೆ ಎಂದು ತೋಳು ತಟ್ಟಿ ಕೂಗಿದನು. ಆಗ ಆಕಾಶವಾಣಿಯಾಯಿತು: ವಾರಾಣಸಿಯ ತುಲಾಧಾರನಿಗೆ ನೀನು ಸಮನಲ್ಲ; ಅವನೂ ಕೂಡ ಹೀಗೆ ಹೇಳಿಕೊಳ್ಳನು. ಜಾಜಲಿ ಹುಡುಕಿಕೊಂಡು ಹೋಗಿ ನೋಡಿದರೆ ಆ ತುಲಾಧಾರ ಅಂಗಡಿಯಲ್ಲಿ ಕುಳಿತ ವರ್ತಕ, ಗಂಧದ್ರವ್ಯ ಬೇರು ರಸಗಳನ್ನು ಮಾರುವವನು. ಮದ್ಯವೊಂದನ್ನು ಮಾತ್ರ ಮಾರನು. ಕೊಂಡದ್ದನ್ನು ಕಪಟವಿಲ್ಲದೆ ಮಾರುವುದು, ತಕ್ಕಡಿಯನ್ನು ಎಲ್ಲರಿಗೂ ಸಮನಾಗಿ ಹಿಡಿಯುವುದು, ಇಷ್ಟೇ ಅವನು ತನ್ನ ಸಾಧನೆಯೆಂದು ಹೇಳಿಕೊಂಡದ್ದು. ಉದ್ಯೋಗ ಬಿಟ್ಟು ಬಂದವನು ತಾನು ಬಿಟ್ಟ ಸಂಬಳದ ಮೊತ್ತವನ್ನು ಬಂದವರಿಗೆಲ್ಲ ಹೇಳುವಾಗ ಜಾಜಲಿಯ ಸ್ವರ ನಮಗೆ ಕೇಳಿಸುತ್ತದೆ. ವಿನೋದವೇನೆಂದರೆ, ಇವನು ಜಾಜಲಿಯಂತೆ ಮಾತಾಡುತ್ತ ತುಲಾಧಾರನ ಅಂಗಡಿಯನ್ನೇ ತೆರೆಯಹೊರಟಿರುತ್ತಾನೆ.

ತಿಪಟೂರು ಸೀಮೆಯ ನಮ್ಮ ಪರಿಚಿತರ ಮಗನೊಬ್ಬ ಹೀಗೆ ಬಂದು ಮರದ ಗಾಣವನ್ನು ಹಾಕಿಸಿದ್ದಾನೆ. ಎತ್ತಿಗೆ ಬದಲು ವಿದ್ಯುತ್ತಿನ ಮೋಟಾರು. ಉಳಿದಂತೆ ಹಳೆಯ ವಿಧಾನವೇ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿಯನ್ನು ಸುಲಿದು, ಒಡೆದು, ಉಂಡೆಯಾಗಿ ಬಿಡಿಸಿದ ಕೊಬ್ಬರಿ ತಿನ್ನುವುದಕ್ಕೆಂದು ಉತ್ತರದೇಶಕ್ಕೆ ಹೋಗುತ್ತದೆ. ಒಡಕು ಚೂರುಗಳು ಗಾಣಕ್ಕೆ ಬರುತ್ತವೆ. 100 ಕಿಲೋ ಕೊಬ್ಬರಿಗೆ ಸುಮಾರು 60 ಕಿಲೋ ಎಣ್ಣೆ, ಮಿಕ್ಕದ್ದು ದನದ ಹಿಂಡಿ. ಚೂರುಗಳ ಚೀಲದಲ್ಲಿ ಬೂಸ್ಟು ಹಿಡಿದವು ಒಂದಷ್ಟು ಇದ್ದೇ ಇರುತ್ತವೆ. ಅವನ್ನು ಆರಿಸಿ ತೆಗೆದರೆ ನಷ್ಟ. ತೆಗೆಯದೆ ಹಾಕಿದರೆ ಎಣ್ಣೆ ಅಂದೇನೂ ನಾರುವುದಿಲ್ಲ, ಬೆಂಗಳೂರಿನ ಗಿರಾಕಿಯ ಮನೆಯಲ್ಲಿ ಕೆಲವು ವಾರಗಳ ಮೇಲೆ ನಾರುತ್ತದೆ. ಗಿರಾಕಿ ಕೇಳುವುದು ಒಂದು ಕಿಲೋ ಎಣ್ಣೆ. ಸೀಸೆ ಇರುವುದು ಒಂದು ಲೀಟರಿನದು. ಒಂದು ಲೀಟರ್ ಕೊಬ್ಬರಿ ಎಣ್ಣೆಯ ತೂಕ ಸುಮಾರು 915 ಗ್ರಾಂ ಮಾತ್ರ. ಕೇಳಿದವನ ಅಜ್ಞಾನವನ್ನು ತಿದ್ದಬೇಕೆ, ಸುಮ್ಮನೆ ಸೀಸೆಯನ್ನು ಚಾಚಬೇಕೆ? ಗೀತೆಯನ್ನೂ ಉಪನಿಷತ್ತನ್ನೂ ಓದಿದವನಿಗೂ ಧರ್ಮ ಈ ಎಂಬತ್ತೈದು ಗ್ರಾಂಗಳ ಗಾತ್ರದಲ್ಲಿಯೇ ಎದುರಾಗುತ್ತದೆ.

ಕಂಪನಿಯಲ್ಲಿದ್ದಾಗ ಇಂಥ ಪ್ರಶ್ನೆ ಅವನಿಗೆ ಎದುರಾಗುತ್ತಿರಲಿಲ್ಲವೆಂದು ಹೇಳಲಾರೆವು. ಆದರೆ ಎದುರಾದದ್ದು ಅವನೊಬ್ಬನಿಗೇ ಆಗಿರಲಿಲ್ಲ. ಸಾವಿರಾರು ಜನ ಕೂಡಿ ಮಾಡುವ ಕೆಲಸದಲ್ಲಿ ಒಬ್ಬೊಬ್ಬನ ಪಾಲಿನ ಪುಣ್ಯಪಾಪ ಎಷ್ಟೆಂಬುದು ಕರ್ತೃವಿಗೇ ಕಾಣದಷ್ಟು ಹಂಚಿಹೋಗಿರುತ್ತದೆ. ಅದರಿಂದ ಆ ಕೆಲಸ ಹೀನವಾಗಲಿಲ್ಲ; ಆಸ್ಪತ್ರೆಯ ಯಂತ್ರವೂ ರೈಲಿನ ಟಿಕೇಟೂ ಅಂಥವರ ಶ್ರಮದಿಂದಲೇ ನಡೆಯುತ್ತಿವೆ. ನಗರ ಪಾಪಭೂಮಿ, ಹಳ್ಳಿ ಪುಣ್ಯಕ್ಷೇತ್ರ ಎಂಬ ಮಾತನ್ನು ಹಳ್ಳಿಯಲ್ಲಿ ಬಾಳಿದವರು ಆಡುವುದು ಕಡಮೆ.

ಫಲದ ವಿಚಾರದಲ್ಲಿಯೂ ಒಂದು ವಿಪರ್ಯಾಸವಿದೆ. ಕರ್ಮದಲ್ಲಿ ಅಧಿಕಾರ, ಫಲದಲ್ಲಿ ಇಲ್ಲ ಎಂಬ ಉಪದೇಶವನ್ನು ನೌಕರ ಎಷ್ಟು ಸುಲಭವಾಗಿ ಒಪ್ಪುತ್ತಾನೆ! ತಿಂಗಳು ತಿರುಗುತ್ತಲೇ ಫಲ ತಾನಾಗಿ ಬ್ಯಾಂಕಿಗೆ ಬಂದು ಬೀಳುವುದರಿಂದ ಅದನ್ನು ಚಿಂತಿಸದಿರುವುದು ಅವನಿಗೆ ಕಷ್ಟವಲ್ಲ. ವರ್ತಕನಿಗೆ ಹಾಗಲ್ಲ. ಕರ್ಮಸಿದ್ಧಿಗೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆಗಳಲ್ಲದೆ ಐದನೆಯದಾಗಿ ದೈವವೂ ಬೇಕೆಂದು ಗೀತೆ ಹೇಳುವುದಷ್ಟೆ. 2023ರಲ್ಲಿ ಕೇಂದ್ರಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆಯನ್ನು ಗೊತ್ತುಮಾಡಿದ್ದಾಗ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಬಿದ್ದು ಬೆಳೆಗಾರ ಗೋಳಾಡಿದನು. 2025ರಲ್ಲಿ ಅದೇ ಕೊಬ್ಬರಿ 20,000 ರೂಪಾಯಿಗಳನ್ನು ದಾಟಿದಾಗ ಬೆಳೆಗಾರ ನಕ್ಕನು, ಗಾಣದವನು ತಲೆಯ ಮೇಲೆ ಕೈಹೊತ್ತು ಕುಳಿತನು. ಗಾಣವೂ ಅದೇ, ದುಡಿಮೆಯೂ ಅದೇ. ಬದಲಾದುದು ಆ ಐದನೆಯದು. ಶಾಂತಿಯನ್ನರಸಿ ಊರಿಗೆ ಬಂದವನು ನಿಷ್ಕಾಮಕರ್ಮದ ನಿಜವಾದ ಪರೀಕ್ಷಾಮಂದಿರವನ್ನು ಅರಿಯದೆಯೇ ಹೊಕ್ಕಿರುತ್ತಾನೆ.

ಸ್ವಧರ್ಮದ ಮಾತನ್ನು ಇಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಪೂರ್ವಕಾಲದಲ್ಲಿ ಅದನ್ನು ಹುಟ್ಟಿನಿಂದ ಅಳೆದರು. ಆ ಅಳತೆಯಿಂದ ನಮ್ಮ ಸಮಾಜಕ್ಕೆ ಆದ ಅನ್ಯಾಯ ಸಣ್ಣದಲ್ಲ. ಗೀತೆ ಸ್ವಭಾವವನ್ನೂ ಹೇಳಿರುವುದರಿಂದ ಅದನ್ನೇ ಹಿಡಿಯುವುದು ನಮಗೆ ಕ್ಷೇಮ. ಇದಕ್ಕೊಂದು ನಿದರ್ಶನವುಂಟು. ತಂಜಾವೂರಿನ ಜೆ. ಸಿ. ಕುಮಾರಪ್ಪನವರು ಲಂಡನ್ನಿನಲ್ಲಿ ಲೆಕ್ಕಪರಿಶೋಧನೆಯನ್ನು ಕಲಿತು ಮುಂಬಯಿಯಲ್ಲಿ ಆ ವೃತ್ತಿಯನ್ನು ನಡೆಸುತ್ತಿದ್ದವರು. 1929ರಲ್ಲಿ ಗಾಂಧೀಜಿಯವರನ್ನು ಕಂಡ ಮೇಲೆ ಅದನ್ನು ಬಿಟ್ಟರು. 1934ರಲ್ಲಿ ವಾರ್ಧಾದಲ್ಲಿ ಹುಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಕಾರ್ಯದರ್ಶಿಗಳಾದರು. ಎತ್ತಿನ ಗಾಣದ ಸುಧಾರಣೆ ಆ ಸಂಘದ ಕೆಲಸಗಳಲ್ಲಿ ಒಂದಾಗಿತ್ತು. ಆದರೆ ಅವರು ಮುಂಬಯಿಯನ್ನು ಬಿಟ್ಟರೇ ಹೊರತು ಲೆಕ್ಕವನ್ನು ಬಿಡಲಿಲ್ಲ. ಗುಜರಾತಿನ ಮಾತರ್ ತಾಲ್ಲೂಕಿನ ರೈತರ ಆದಾಯವ್ಯಯಗಳನ್ನು ವಿಚಾರಿಸಿ ಬರೆದರು. ತಿಪಟೂರಿನ ತರುಣನೂ ಬೂಸ್ಟಿನ ಚೀಲ ಯಾವ ಅಟ್ಟದಿಂದ ಬಂತೆಂಬುದನ್ನು ಕಂಪ್ಯೂಟರಿನಲ್ಲಿ ಗುರುತಿಟ್ಟುಕೊಳ್ಳುತ್ತಾನೆ. ಕಲಿತ ವಿದ್ಯೆಯನ್ನು ಬಿಟ್ಟು ಬಂದೆನೆನ್ನುವುದು ಅವನ ಬಾಯಲ್ಲಿ ಬರಲಿಲ್ಲವೆಂಬುದು ನನಗೆ ಹಿಡಿಸಿತು.

ಇನ್ನು ಲಾಭ ಎಷ್ಟಿರಬೇಕೆಂಬ ಪ್ರಶ್ನೆ. ಬಸವಣ್ಣನವರ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ಬಾಳುತ್ತಿದ್ದ ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಆ ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರಲು ಹೇಳಿದಳೆಂಬ ಕಥೆ ನಮ್ಮ ನಾಡಿನಲ್ಲಿ ಮಕ್ಕಳಿಗೂ ಗೊತ್ತು. ಅದನ್ನು ಅಂಗಡಿಯವನಿಗೆ ಅಕ್ಷರಶಃ ವಿಧಿಸಲಾಗದು; ಮೋಟಾರು ಸುಟ್ಟುಹೋಗುವ ದಿನಕ್ಕೆ, ಬ್ಯಾಂಕಿನ ಕಂತಿಗೆ, ಗಾಣದಲ್ಲಿ ದುಡಿಯುವ ಇಬ್ಬರು ಆಳುಗಳ ಕೂಲಿಗೆ ಅವನು ಒಂದಷ್ಟು ಕೂಡಿಡಲೇಬೇಕು. ಆದರೂ ಸಾಕೆಂದು ಹೇಳುವವರೊಬ್ಬರು ಮನೆಯಲ್ಲಿರುವುದು ಒಳ್ಳೆಯದು. ಎರಡನೆಯ ಗಾಣ, ಮೂರನೆಯ ಊರಿನಲ್ಲಿ ಶಾಖೆ ಎಂದು ಬೆಳೆದು ಬೆಳೆದು, ಕಡೆಗೆ ತಾನು ಬಿಟ್ಟು ಬಂದ ಕಂಪನಿಯನ್ನೇ ತನ್ನ ಊರಿನಲ್ಲಿ ಕಟ್ಟಿ, ಅಲ್ಲಿಯ ಆಳುಗಳು ಬೇಸತ್ತು ಓಡಿಹೋಗುವಂತೆ ಮಾಡಿದವರನ್ನೂ ನೋಡಿದ್ದೇವೆ.

ಊರಿಗೆ ಮರಳುವ ಆಲೋಚನೆಯಲ್ಲಿರುವ ತರುಣರು ಬರಲಿ. ತಾಯಿತಂದೆಗಳು ಮೊದಲು ಗೊಣಗಿದರೂ ಆಮೇಲೆ ಸಂತೋಷಪಡುತ್ತಾರೆ. ಬರುವ ಮುನ್ನ ಶಾಂತಿಪರ್ವದ ಆ ಸಂವಾದವನ್ನು ಒಮ್ಮೆ ಓದಿಕೊಳ್ಳಲಿ. ಅಂಗಡಿಯ ವಿದ್ಯುನ್ಮಾನ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಾಗಬೇಕು, ಅದನ್ನು ತಪ್ಪಿಸದಿರಲಿ.