ಯಾತ್ರೆಯ ದಿನ ಮತ್ತು ಮನೆಯ ಮೂಕಜೀವಿ

ಅಹಿಂಸಾಣುವ್ರತದ ಮಾತು ಬಂದಾಗ ಶ್ರಾವಕರ ಮನಸ್ಸು ಸಾಮಾನ್ಯವಾಗಿ ಕೊಲೆಯ ಕಡೆಗೇ ಹೋಗುತ್ತದೆ. ಮನೆಯಲ್ಲಿ ಮಾಂಸವಿಲ್ಲ, ನೀರನ್ನು ಸೋಸಿ ಕುಡಿಯುತ್ತಾರೆ, ರಾತ್ರಿಭೋಜನವಿಲ್ಲ. ಆದ್ದರಿಂದ ವ್ರತವು ನಿರ್ದೋಷವಾಗಿ ನಡೆದಿದೆ ಎಂದು ಗೃಹಸ್ಥನು ತೃಪ್ತನಾಗುತ್ತಾನೆ. ಆದರೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಕೊಲೆಯೇ ಇಲ್ಲ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಇವೇ ಆ ಐದು. ಎಂದರೆ ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನನೀರು ತಡೆಯುವುದು. ಇಲ್ಲಿ 'ವಧ' ಎಂದರೆ ಪ್ರಾಣ ತೆಗೆಯುವುದಲ್ಲ, ಕೋಲು ಚಾಟಿಗಳಿಂದ ಹೊಡೆಯುವುದು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಸ್ಪಷ್ಟಪಡಿಸಿದ್ದಾರೆ. ಈ ದೋಷಗಳು ಬಹುಮಟ್ಟಿಗೆ ಶತ್ರುವಿನ ಮೇಲೆ ನಡೆಯುವಂಥವಲ್ಲ. ಮನೆಯ ಹಗ್ಗದಲ್ಲಿರುವ, ಮನೆಯ ತುತ್ತನ್ನೇ ನಂಬಿರುವ ಜೀವಿಯ ಮೇಲೆ ನಡೆಯುವಂಥವು.

ಹಿಂದೆ ಆ ಜೀವಿ ಎತ್ತು, ಆಕಳು, ಎಮ್ಮೆಯಾಗಿತ್ತು. ಇಂದು ಕೃಷ್ಣಾತೀರದ ಐನಾಪುರದಂಥ ಊರುಗಳಲ್ಲೂ ಮಕ್ಕಳ ಹಟಕ್ಕೆ ಮಣಿದು ನಾಯಿಮರಿಯನ್ನು ತರುವ ಮನೆಗಳಿವೆ. ರಜೆ ಬಂದರೆ ಶೇಡಬಾಳ, ಸ್ತವನಿಧಿ, ಕೊಥಳಿ, ಕುಂಭೋಜಗಳಿಗೆ ಒಂದು ದಿನದ ಯಾತ್ರೆ ಹೊರಡುವುದು ಈ ಭಾಗದ ಜೈನ ಕುಟುಂಬಗಳ ರೂಢಿ. ಅಂಥ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಬೆಳಗಿನಲ್ಲೇ ಬುತ್ತಿ ಕಟ್ಟಿಕೊಂಡು, ಕಾಗವಾಡ, ಮಿರಜ ದಾರಿಯಿಂದ ಕುಂಭೋಜಕ್ಕೆ ಪ್ರಯಾಣ. 1963ರಲ್ಲಿ ಪ್ರತಿಷ್ಠಾಪಿತವಾದ 28 ಅಡಿ ಎತ್ತರದ ಬಾಹುಬಲಿ ಮೂರ್ತಿಯ ದರ್ಶನ, ಬಳಿಕ ಬೆಟ್ಟದ ಜಿನಾಲಯಗಳು, ಸೂರ್ಯಾಸ್ತದೊಳಗೆ ಊಟ. ಎರಡು ಚಿಕ್ಕ ಮಕ್ಕಳು ಮರಿಯನ್ನು ಬಿಟ್ಟು ಬರಲು ಒಪ್ಪುವುದಿಲ್ಲ. ಅವರ ಅಳುವನ್ನು ನಿಲ್ಲಿಸಲು ಹಿರಿಯರು ಅದನ್ನೂ ಕಾರಿನಲ್ಲಿ ಕೂರಿಸಿಕೊಳ್ಳುತ್ತಾರೆ. ಕ್ಷೇತ್ರದ ಮಹಾದ್ವಾರದಲ್ಲಿ ಪ್ರಶ್ನೆ ಏಳುತ್ತದೆ. ಮರಿಯನ್ನು ಒಳಗೆ ಒಯ್ಯುವಂತಿಲ್ಲ. ಹಾಗಾದರೆ ಅದು ಎಲ್ಲಿರಬೇಕು?

ಸುಲಭವಾಗಿ ಹೊಳೆಯುವ ಉತ್ತರ, ಕಾರಿನ ಗಾಜನ್ನು ಸ್ವಲ್ಪ ಇಳಿಸಿ ಅಲ್ಲಿಯೇ ಬಿಡುವುದು. ಆದರೆ ನಾಯಿಗೆ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ; ನಾಲಗೆ ಚಾಚಿ ಏದುಸಿರು ಬಿಡುವುದೇ ಅದಕ್ಕೆ ಮೈ ತಂಪಾಗಿಸಿಕೊಳ್ಳುವ ಮುಖ್ಯ ಮಾರ್ಗ. 35 ಡಿಗ್ರಿ ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ತಾಪ ಅರ್ಧ ಗಂಟೆಯೊಳಗೆ 50 ಡಿಗ್ರಿಯನ್ನು ಮುಟ್ಟಬಲ್ಲದು. ಗಾಜನ್ನು ಎರಡು ಬೆರಳು ಇಳಿಸಿದರೆ ಹೆಚ್ಚು ವ್ಯತ್ಯಾಸವಾಗದು. ಯಾರೂ ಹೊಡೆಯಲಿಲ್ಲ, ಯಾರೂ ಬೈಯಲಿಲ್ಲ. ಆದರೂ ಒಂದೇ ಗಳಿಗೆಯಲ್ಲಿ ಬಂಧವೂ ಅನ್ನಪಾನನಿರೋಧವೂ ಸಂಭವಿಸಿದವು. ಅತ್ತ ಕುಟುಂಬವು ಭಕ್ತಿಯಿಂದ ಅರ್ಘ್ಯ ಅರ್ಪಿಸುತ್ತಿರುತ್ತದೆ.

ಇದರ ಮೂಲವು ಕ್ರೌರ್ಯವಲ್ಲ, ಪ್ರೀತಿ ಎಂಬುದೇ ವಿಚಾರಮಾಡಬೇಕಾದ ಸಂಗತಿ. ಆ ಪ್ರೀತಿಯನ್ನು ಶಾಸ್ತ್ರದ ಒರೆಗೆ ಹಚ್ಚಿದರೆ ಅದು ರಾಗವೇ ಹೊರತು ಕಾರುಣ್ಯವಲ್ಲ. ರಾಗವು 'ಇದು ನನ್ನೊಡನೆ ಇರಲಿ' ಎನ್ನುತ್ತದೆ; ಕಾರುಣ್ಯವು 'ಇದಕ್ಕೆ ಏನು ಹಿತ' ಎಂದು ಕೇಳುತ್ತದೆ. ಮಕ್ಕಳಲ್ಲಿ ರಾಗವಿರುವುದು ಸಹಜ. ಅದನ್ನು ಕಾರುಣ್ಯವಾಗಿ ಪರಿವರ್ತಿಸುವುದು ಹಿರಿಯರ ಕರ್ತವ್ಯ. ಮರಿಗೆ ಪ್ರಯಾಣದಲ್ಲಿ ವಾಂತಿಯಾಗಬಹುದು, ಲಸಿಕೆಗಳು ಪೂರ್ತಿಯಾಗದಿದ್ದರೆ ಜನಜಂಗುಳಿಯ ಸ್ಥಳದಲ್ಲಿ ರೋಗ ತಗಲಬಹುದು ಎಂದು ತಿಳಿಯಹೇಳಿದರೆ ಐದು ವರ್ಷದ ಮಗುವೂ ಅರ್ಥಮಾಡಿಕೊಳ್ಳಬಲ್ಲದು. ಅದರ ಹಿತಕ್ಕಾಗಿ ಅದನ್ನು ಮನೆಯಲ್ಲಿ, ನೆರೆಯವರ ಆರೈಕೆಯಲ್ಲಿ ಬಿಟ್ಟು ಬರಲು ಒಪ್ಪಿದ ಮಗು, ಅಂದು ಕ್ಷೇತ್ರವನ್ನು ತಲುಪುವ ಮೊದಲೇ ಧರ್ಮದ ಒಂದು ಪಾಠವನ್ನು ಕಲಿತಂತಾಯಿತು.

ನಾಯಿಯನ್ನು ಸಾಕುವುದೇ ಶ್ರಾವಕರಿಗೆ ಉಚಿತವಲ್ಲ ಎಂಬ ಆಕ್ಷೇಪವುಂಟು. ಅದಕ್ಕೆ ಆಧಾರವೂ ಇದೆ. ಬೆಕ್ಕು ಮೊದಲಾದ ಹಿಂಸ್ರಜೀವಿಗಳ ಪಾಲನೆಯನ್ನು ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡದಲ್ಲಿ ಎಣಿಸಿದೆ. ಈ ವಿವೇಕವು ಮರಿಯನ್ನು ಮನೆಗೆ ತರುವ ಮೊದಲು ಇರಬೇಕಾದದ್ದು. ನಾಯಿಯ ಆಯುಸ್ಸು ಸುಮಾರು 10ರಿಂದ 13 ವರ್ಷ. ಇಂದು ಹಟ ಹಿಡಿದ ಮಗು ಕಾಲೇಜು ಸೇರುವವರೆಗೂ ಅದು ಮನೆಯ ಹೊಣೆ. ಆದರೆ ತಂದ ಮೇಲೆ ಅದೇ ಶಾಸ್ತ್ರವಾಕ್ಯವನ್ನು ನೆಪಮಾಡಿಕೊಂಡು ಅದನ್ನು ರಸ್ತೆಯ ಬದಿಯಲ್ಲಿ ಬಿಟ್ಟು ಬರುವುದು ಇನ್ನೂ ದೊಡ್ಡ ದೋಷ. ಸಾಕಿದ ಪ್ರಾಣಿಗೆ ಅನ್ನ, ನೀರು, ನೆರಳು ಕೊಡದಿರುವುದನ್ನೂ ಅದನ್ನು ತೊರೆಯುವುದನ್ನೂ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಅಪರಾಧವೆಂದು ಹೇಳಿದೆ. ಉಮಾಸ್ವಾಮಿಗಳ ಅನುಯಾಯಿಗಳಿಗೆ ಇದನ್ನು ಕಾಯ್ದೆ ಕಲಿಸಬೇಕಾಗಿ ಬರಬಾರದು.

ಹಾಗಾದರೆ ಜಿನಾಲಯದೊಳಗೆ ಪ್ರವೇಶವಿಲ್ಲವೆಂಬ ನಿಯಮವು ಆ ಜೀವಿಯ ತಿರಸ್ಕಾರವೇ? ಅಲ್ಲ. ಸಮವಸರಣದ ಹನ್ನೆರಡು ಸಭೆಗಳಲ್ಲಿ ಒಂದು ತಿರ್ಯಂಚರದು. ಯಾಗದ ಹವಿಸ್ಸನ್ನು ಮುಟ್ಟಿತೆಂದು ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರಕುಮಾರನು ಪಂಚನಮಸ್ಕಾರ ಮಂತ್ರವನ್ನು ಉಚ್ಚರಿಸಿದನು. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತು. ಈ ಕಥೆಯನ್ನು ಭಾಸ್ಕರಕವಿಯು 1424ರಲ್ಲಿ ಕನ್ನಡಕ್ಕೂ ತಂದನು. ಕ್ಷೇತ್ರದ ನಿಯಮವು ಸ್ಥಳದ ಶುಚಿತ್ವಕ್ಕಾಗಿ, ಇತರ ಯಾತ್ರಿಕರ ಶಾಂತಿಗಾಗಿ ಇದೆ, ಅದನ್ನು ಪಾಲಿಸಲೇಬೇಕು. ಆದರೆ ದ್ವಾರದ ಹೊರಗೆ ಒಂದು ಮರದ ನೆರಳು, ಒಂದು ನೀರಿನ ತೊಟ್ಟಿ, 'ಮೂಕಜೀವಿಗಳನ್ನು ವಾಹನದಲ್ಲಿ ಮುಚ್ಚಿ ಬಿಡಬೇಡಿರಿ' ಎಂಬ ಒಂದು ಫಲಕ ಇವು ಯಾವ ಟ್ರಸ್ಟಿಗೂ ಭಾರವಾಗುವ ಖರ್ಚಲ್ಲ.

ಮರಿಯು ಬಂದೇ ಬಿಟ್ಟಿದ್ದರೆ ಹಿರಿಯರಲ್ಲಿ ಒಬ್ಬರು ನೆರಳಿನಲ್ಲಿ ಅದರೊಡನೆ ನಿಲ್ಲಬೇಕು. ಉಳಿದವರು ಬಂದ ಬಳಿಕ ದರ್ಶನಕ್ಕೆ ಹೋಗಬೇಕು. ಅಷ್ಟು ದೂರ ಬಂದು ಅಭಿಷೇಕ ತಪ್ಪಿತಲ್ಲ ಎಂಬ ಖೇದ ಆಗಬಹುದು. ಆದರೆ ಪುಣ್ಯವು ಮೆಟ್ಟಿಲುಗಳ ಎಣಿಕೆಯಿಂದ ಬರುವುದಿಲ್ಲ, ಪರಿಣಾಮಗಳ ಶುದ್ಧಿಯಿಂದ ಬರುತ್ತದೆ. ಅಂಗಡಿಯ ಖಾತೆಯಲ್ಲಿ ಜಮೆಯನ್ನಷ್ಟೇ ಬರೆದು ಖರ್ಚನ್ನು ಬಿಟ್ಟರೆ ಲೆಕ್ಕ ತಾಳೆಯಾಗುವುದಿಲ್ಲ. ಯಾತ್ರೆಯ ಲೆಕ್ಕದಲ್ಲಿಯೂ ದರ್ಶನವನ್ನು ಜಮೆ ಬರೆದುಕೊಂಡು, ಕಾರಿನಲ್ಲಿ ಬಾಯಾರಿ ಬಳಲಿದ ಜೀವಿಯನ್ನು ಮರೆಯಲಾಗದು. ಕೆಳಗೆ ಬೇವಿನ ನೆರಳಿನಲ್ಲಿ ಬಟ್ಟಲಿಗೆ ನೀರು ಸುರಿದು ಕುಳಿತ ತಂದೆಯನ್ನು ಮಕ್ಕಳು ಮೆಟ್ಟಿಲ ಮೇಲಿಂದ ತಿರುಗಿ ನೋಡುತ್ತಾರೆ. ಅಹಿಂಸೆಯ ಅರ್ಥವನ್ನು ಅವರಿಗೆ ಬೇರೆ ಹೇಳಬೇಕಾಗುವುದಿಲ್ಲ.