ವರ ಕೊಡದ ಪೂಜಾರಿ

‘ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ.’ ನಮ್ಮ ಹಿರಿಯೂರು, ಹೊಳಲ್ಕೆರೆ ಕಡೆ ಈ ಗಾದೆ ಈಗ ಗುಡಿಗಿಂತ ಕಚೇರಿಯ ಮೆಟ್ಟಿಲ ಮೇಲೇ ಹೆಚ್ಚು ಕಿವಿಗೆ ಬೀಳುತ್ತದೆ. ಸಾಹೇಬರು ಸಹಿ ಹಾಕಿಯಾಗಿದೆ, ಕಡತ ಮಾತ್ರ ಕೆಳಗಿನವರ ಮೇಜು ಬಿಟ್ಟು ಏಳುತ್ತಿಲ್ಲ ಅನ್ನುವಾಗ ಪಾಪ, ಪೂಜಾರಪ್ಪನ ನೆನಪಾಗುತ್ತದೆ. ಆದರೆ ಗಾದೆ ಹುಟ್ಟಿದ್ದು ಗರ್ಭಗುಡಿಯ ಹೊಸ್ತಿಲಲ್ಲೇ ಇರಬೇಕು. ಒಳಗೆ ಕೊಡುವವನು, ಹೊರಗೆ ಬೇಡುವವನು. ನಡುವೆ ನಿಂತವನ ಕೈಯಲ್ಲಿ ಮಂಗಳಾರತಿ ತಟ್ಟೆ, ಸೊಂಟದಲ್ಲಿ ಬೀಗದಕೈ. ತಟ್ಟೆಗೆ ಯಾರದೂ ತಕರಾರಿಲ್ಲ, ಗಾದೆಯ ಸಿಟ್ಟೆಲ್ಲ ಬೀಗದಕೈಯ ಮೇಲೆ.

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಹರಕೆ ಹೊತ್ತವರು ಕೊಳದ ಮುಂದೆ ಕೂತು, ನೀರಿನಿಂದ ಏನು ತೇಲಿ ಬರುತ್ತದೋ ಎಂದು ಕಾಯುತ್ತಾರೆ. ಗಂಗಮ್ಮ ತಾನೇ ಕೊಟ್ಟಳು ಎಂಬ ನಂಬಿಕೆಯ ಸುಖವೇ ಬೇರೆ. ನಡುವಿನವನಿಲ್ಲದೆ ನೇರ ಪಡೆಯುವ ಈ ಆಸೆಯನ್ನು ಒಂದು ಧರ್ಮದ ಕಟ್ಟುಪಾಡಾಗಿಸಲು ಹೊರಟವರು ಸಿಖ್ಖರು. ಅದರಲ್ಲಿ ಕನ್ನಡ ನಾಡಿಗೂ ಪಾಲಿದೆ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ತಲೆ ಕೊಡುವವರು ಯಾರು ಎಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ಬೀದರಿನ ಭಾಯಿ ಸಾಹಿಬ್ ಸಿಂಗ್. ಪರಂಪರೆ ಹೇಳುವಂತೆ ಕ್ಷೌರಿಕರ ಮನೆಯವರು. ಗುರು ಈ ಐವರಿಗೆ ದೀಕ್ಷೆಯ ಅಮೃತ ಕೊಟ್ಟರು. ಆಮೇಲೆ ತಾವೇ ಅವರ ಮುಂದೆ ಕೈಜೋಡಿಸಿ, ನನಗೂ ಕೊಡಿ ಎಂದರು. ವರ ಕೊಡುವ ಅಧಿಕಾರ ಒಬ್ಬನ ಕೈಯಿಂದ ಸಂಗತ್ತಿನ, ಅಂದರೆ ಭಕ್ತಸಮೂಹದ ಕೈಗೆ ದಾಟಿದ ಗಳಿಗೆ ಅದು.

ಹಾಗಾದರೆ ಗುರುದ್ವಾರದ ಗ್ರಂಥಿ ಯಾರು? ಬೆಳಗಿನ ಜಾವ ಗುರು ಗ್ರಂಥ ಸಾಹಿಬನ್ನು ತೆರೆದು, ಓದಿ, ಅರ್ಥ ಹೇಳಿ, ರಾತ್ರಿ ಗೌರವದಿಂದ ಮುಚ್ಚಿ ಮಲಗಿಸುವ ಸೇವಕ. 1604ರಲ್ಲಿ ಅಮೃತಸರದ ಹರಮಂದಿರದಲ್ಲಿ ಬಾಬಾ ಬುಡ್ಢಾ ಈ ಕೆಲಸ ವಹಿಸಿಕೊಂಡ ಮೊದಲಿಗರು. 1708ರಲ್ಲಿ ನಾಂದೇಡಿನಲ್ಲಿ ಗ್ರಂಥವೇ ಗುರು ಎಂದಾದ ಮೇಲೆ ಗ್ರಂಥಿಯ ಮಿತಿಯೂ ಗೊತ್ತಾಯಿತು. ಅವನು ಗುರುವಲ್ಲ, ಗುರುವಿನ ದಲ್ಲಾಳಿಯೂ ಅಲ್ಲ. ಜಾತಿಯಿಂದ ಬರುವ ಹುದ್ದೆ ಇದಲ್ಲ, ಹೆಣ್ಣುಮಕ್ಕಳೂ ಓದಬಹುದು. ವರ ಕೊಡುವ ಅಧಿಕಾರವೇ ಇಲ್ಲದವನು ಅದನ್ನು ತಡೆಯುವುದಾದರೂ ಹೇಗೆ?

ತಡೆದರು. ಚರಿತ್ರೆ ಇಲ್ಲಿ ಗಾದೆಯ ಪರವಾಗಿಯೇ ಸಾಕ್ಷಿ ಹೇಳುತ್ತದೆ. ದೂರದೂರದ ಸಂಗತ್ತುಗಳಿಗೆ ಬೋಧನೆ ಮಾಡಿ ಕಾಣಿಕೆ ತರಲೆಂದು ಗುರುಗಳೇ ನೇಮಿಸಿದ ಮಸಂದರು ಬರಬರುತ್ತ ಕಾಣಿಕೆಯನ್ನು ತಾವೇ ನುಂಗತೊಡಗಿದರು. ಗೋವಿಂದ ಸಿಂಗರು ಆ ಪದ್ಧತಿಯನ್ನೇ ಕಿತ್ತುಹಾಕಿದರು. ಮುಂದೆ ಬ್ರಿಟಿಷರ ಕಾಲಕ್ಕೆ ಗುರುದ್ವಾರಗಳನ್ನು ಸ್ವಂತ ಆಸ್ತಿಯಂತೆ ಆಳುತ್ತಿದ್ದ ಮಹಂತರು ಬೇರೂರಿದ್ದರು. 1921ರ ಫೆಬ್ರವರಿಯಲ್ಲಿ ನನಕಾನಾ ಸಾಹಿಬಿನ ಮಹಂತನ ಬಾಡಿಗೆ ಬಂಟರು ಒಳಗೆ ಬಂದ ಸಿಖ್ಖರನ್ನೇ ಕಡಿದು ಸುಟ್ಟರು. ಗುರು ನಾನಕರು ಹುಟ್ಟಿದ ಊರಿನಲ್ಲಿ ನಡೆದ ಕೃತ್ಯ ಇದು! ಚಳವಳಿ, ಜೈಲು, ಸಾವುನೋವುಗಳ ನಂತರ 1925ರ ಗುರುದ್ವಾರ ಕಾಯ್ದೆ ಬಂದು ಪಂಜಾಬಿನ ಗುರುದ್ವಾರಗಳ ಆಡಳಿತ ಚುನಾಯಿತ ಸಮಿತಿಗೆ ಹೋಯಿತು. ಹೆಂಗಸರಿಗೂ ಮತವಿತ್ತು.

ಬಾಗಿಲು ತೆಗೆದುಹಾಕಿದ ಮನೆಗೂ ಕಾವಲುಗಾರ ಮತ್ತೆ ಮತ್ತೆ ಬಂದದ್ದೇಕೆ? ಗಾದೆ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಎಲ್ಲ ತಪ್ಪನ್ನೂ ಪೂಜಾರಿಯ ತಲೆಗೆ ಕಟ್ಟಿ ಭಕ್ತನನ್ನು ಸಲೀಸಾಗಿ ಬಿಟ್ಟುಬಿಡುತ್ತದೆ. ಇದೇ ಅದರ ಅರೆಕೊರೆ ಎಂದು ನನ್ನ ಎಣಿಕೆ. ಓದುವುದು, ಹಾಡುವುದು, ಬಡಿಸುವುದು, ಪಾತ್ರೆ ತೊಳೆಯುವುದು ಎಲ್ಲವನ್ನೂ ದುಡ್ಡು ಕೊಟ್ಟು ಇನ್ನೊಬ್ಬರಿಗೆ ವಹಿಸಿದವನು ಬೀಗದಕೈಯನ್ನೂ ಜೊತೆಗೇ ಕೊಟ್ಟಿರುತ್ತಾನೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲಿದೆ. ಮಾಡುವ ಪಾಲನ್ನು ಮಾತ್ರ ನಾವು ಅಯ್ಯನವರಿಗೆ ಒಪ್ಪಿಸಿ ಕೈತೊಳೆದುಕೊಂಡಿದ್ದೇವೆ.

ಸಿಖ್ಖರು ಈ ಸೋಮಾರಿತನವನ್ನು ಗುರುತಿಸಿದ್ದರು. ಸುಮಾರು 48 ಗಂಟೆ ಎಡೆಬಿಡದೆ ನಡೆಯುವ ಗ್ರಂಥದ ಅಖಂಡ ಪಾಠದ ಬಗ್ಗೆ ಅವರ ನಡಾವಳಿ ಸಂಹಿತೆಯಾದ ರೆಹತ್ ಮರ್ಯಾದೆಯಲ್ಲಿ ಕಟ್ಟಪ್ಪಣೆಯಿದೆ. ಮನೆಯವರು, ನೆಂಟರು, ಗೆಳೆಯರೇ ಓದಬೇಕು; ಓದಲು ಬಾರದವರು ಕೂತು ಕೇಳಬೇಕು; ಕೇಳುವವರೇ ಇಲ್ಲದೆ ಪಾಠಿಯೊಬ್ಬನೇ ಓದುತ್ತ ಹೋಗಕೂಡದು. ಈ ಕಟ್ಟುಪಾಡು ಎಲ್ಲ ಕಡೆ ನಡೆಯುತ್ತಿದೆ ಎಂದು ಯಾವ ಸಿಖ್ಖನೂ ಎದೆತಟ್ಟಿ ಹೇಳಲಾರ. ಆದರೂ ಬರೆದಿಟ್ಟಿದ್ದಾರೆ.

ಬೀದರಿನ ಗುರುದ್ವಾರ ನಾನಕ್ ಝೀರಾಕ್ಕೆ ನಮ್ಮವರೂ ಹೋಗುತ್ತಾರೆ. ಒರತೆಯ ನೀರು ಕುಡಿದು, ಲಂಗರಿನಲ್ಲಿ ಉಂಡು, ಫೋಟೊ ತೆಗೆಸಿಕೊಂಡು ಬರುತ್ತಾರೆ. ಮುಂದಿನ ಸಲ ಹೋದಾಗ ಗ್ರಂಥಿಯ ಎದುರು ಅರ್ಧ ಗಂಟೆ ಕೂತು ಕೇಳಿ. ಉಂಡ ಮೇಲೆ ಪಾತ್ರೆ ತೊಳೆಯುವ ಜಾಗ ಎಲ್ಲಿದೆ ಎಂದು ವಿಚಾರಿಸಿ. ಅಲ್ಲಿ ಕೈಹಾಕಲು ಯಾರ ಅಪ್ಪಣೆಯೂ ಬೇಕಾಗಿಲ್ಲ.